ಹೈಬ್ರಿಡ್ ಕಾರು: ನಿರ್ವಹಣೆಯ ಲೆಕ್ಕಾಚಾರ

ಮಳಖೇಡ, ಸೇಡಂ, ವಾಡಿ ಭಾಗದ ಸಿಮೆಂಟ್ ಮತ್ತು ಕಲ್ಲುಗಣಿಗಳ ಧೂಳಿನಲ್ಲಿ ಸಂಚರಿಸುವ ವರ್ತಕರು ಹೈಬ್ರಿಡ್ ಕಾರು ಕೊಳ್ಳುವ ಮುನ್ನ ಮೈಲೇಜಿನೊಂದಿಗೆ ನಿರ್ವಹಣೆಯನ್ನೂ ತೂಗಿ ನೋಡುವುದು ಒಳಿತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ತಯಾರಿಕೆ ಆರಂಭವಾಯಿತು. 2022ರಲ್ಲಿ ಇನ್ನೋವಾ ಹೈಕ್ರಾಸ್ ಬಂದಿತು.

ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗಳ ಖರ್ಚು ಪೆಟ್ರೋಲ್ ಕಾರಿನಂತೆಯೇ ಇರುತ್ತದೆ. ಆದರೆ ಇವುಗಳಲ್ಲಿ ಪ್ರತ್ಯೇಕ ಸ್ಟಾರ್ಟರ್, ಆಲ್ಟರ್ನೇಟರ್‌ಗಳಿಲ್ಲ. ವೇಗ ತಗ್ಗಿಸುವಾಗ ಮೋಟಾರೇ ವಿದ್ಯುತ್ ಉತ್ಪಾದಿಸುವುದರಿಂದ ಬ್ರೇಕ್ ಪ್ಯಾಡ್ ಹೆಚ್ಚು ಕಾಲ ಬಾಳುತ್ತದೆ. ಹೆದ್ದಾರಿಯ ಏಕವೇಗದ ಓಟದಲ್ಲಿ ಈ ಲಾಭ ಕಡಿಮೆ.

ಬ್ಯಾಟರಿಯನ್ನು ತಂಪಾಗಿಸುವ ಗಾಳಿಯ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡರೆ ಬ್ಯಾಟರಿ ಕಾದು ಅದರ ಆಯುಷ್ಯ ಕುಗ್ಗುತ್ತದೆ. ಆದುದರಿಂದ ನಮ್ಮ ಭಾಗದಲ್ಲಿ ಅದನ್ನು ಪದೇ ಪದೇ ಶುಚಿಗೊಳಿಸುವುದು ಅವಶ್ಯ. ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ನೀಡುತ್ತದೆ. ಹಳೆಯ ಕಾರು ಕೊಳ್ಳುವವರು ಅದರಲ್ಲಿ ಉಳಿದಿರುವ ಅವಧಿಯನ್ನು ಮೊದಲು ಪರಿಶೀಲಿಸಬೇಕು. ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜ್ ಕೇಬಲ್‌ಗಳನ್ನು ತರಬೇತಿ ಪಡೆದ ಮೆಕ್ಯಾನಿಕ್ ಮಾತ್ರ ಮುಟ್ಟತಕ್ಕದ್ದು.