ಸಿಡಿದ ನಕ್ಷತ್ರದ ಬೆಳಕೂ ಆಘಾತತರಂಗದ ವೇಗವೂ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಿಗೆ ನೀರೂಡುವ ವಿಶ್ವೇಶ್ವರಯ್ಯ ನಾಲೆಯಂತಹ ಕಾಲುವೆಗಳಲ್ಲಿ, ತೂಬಿನ ಕದದಡಿಯಿಂದ ರಭಸವಾಗಿ ನುಗ್ಗಿದ ತೆಳುನೀರು ಸ್ವಲ್ಪ ದೂರದಲ್ಲಿ ಹಠಾತ್ತನೆ ಮೇಲೆದ್ದು, ನೊರೆಗೊಂಡು, ಬಳಿಕ ಆಳವಾಗಿ ಮೆಲ್ಲನೆ ಹರಿಯುವುದುಂಟು. ನೀರಿನ ಮೇಲಣ ಅಲೆಗಿಂತ ಪ್ರವಾಹವೇ ವೇಗಶಾಲಿಯಾದುದರಿಂದ ಮುಂದಣ ತಡೆಯ ಸುದ್ದಿ ಹಿಂದಕ್ಕೆ ಮುಟ್ಟದು. ಬದಲಾವಣೆಯೆಲ್ಲ ಒಂದೇ ಗೆರೆಯಲ್ಲಿ ನಡೆದುಹೋಗುತ್ತದೆ. ಅನಿಲದಲ್ಲಿ ಶಬ್ದವನ್ನು ಮೀರಿ ಸಾಗುವ ಆಘಾತತರಂಗಕ್ಕೆ ಇದು ಸಮೀಪದ ಉಪಮಾನ. ಭೇದವಿಷ್ಟೆ: ತೂಬಿನ ಬಳಿ ಗೆರೆ ನಿಂತು ನೀರು ಹರಿಯುತ್ತದೆ, ಗಗನದಲ್ಲಿ ಅನಿಲ ನಿಂತು ಗೆರೆ ಹರಿಯುತ್ತದೆ. ಕಣ್ಣಿಗೆ ನಿಲುಕದ ಆ ಗೆರೆಯ ವೇಗವನ್ನು ಬೆಳಕಿನಿಂದ ಅರಿಯುವುದು ಹೇಗೆಂಬುದೇ ಇಲ್ಲಿಯ ವಿಚಾರ.

ತಲಕಾಡು ಚೋಳರ ವಶವಾದ ಸ್ವಲ್ಪ ಕಾಲದಲ್ಲಿಯೇ, ಕ್ರಿ. ಶ. ೧೦೦೬ರಲ್ಲಿ, ದಕ್ಷಿಣಾಕಾಶದ ವೃಕ ಪುಂಜದಲ್ಲಿ ಸಿಡಿದ ನಕ್ಷತ್ರವೊಂದು ಕಾಣಿಸಿತು. ಚೀನ, ಜಪಾನ್, ಈಜಿಪ್ಟ್ ದೇಶಗಳ ಬರಹಗಳು ಇದಕ್ಕೆ ಸಾಕ್ಷಿ. ಅದರ ಅವಶೇಷವು ಇಂದಿಗೂ ಹಿಗ್ಗುತ್ತಿದ್ದು, ವಾಯವ್ಯದ ಅಂಚಿನಲ್ಲಿ ಜಲಜನಕದ ಬೆಳಕು ನವಿರಾದ ಎಳೆಗಳಾಗಿ ತೋರುತ್ತದೆ.

ಆ ಬೆಳಕನ್ನು ವರ್ಣಪಟಲವಾಗಿ ಹರಡಿದರೆ ಜಲಜನಕದ ಒಂದೇ ರೇಖೆ ಎರಡು ರೂಪಗಳನ್ನು ತಾಳುತ್ತದೆ. ಇಡಿಯ ಪರಮಾಣುವಿಗೆ ವಿದ್ಯುದಂಶವಿಲ್ಲವಾದುದರಿಂದ ಆಘಾತವು ಅದನ್ನು ತಡೆಯಲಾರದು. ತಣ್ಣಗೆ ಒಳಹೊಕ್ಕು ಬೆಳಗಿದ ಪರಮಾಣುಗಳಿಂದ ಕಿರಿದಾದ ರೇಖೆ ಹುಟ್ಟುತ್ತದೆ. ಒಳಗಿನ ಕಾದ ಪ್ರೋಟಾನು ಪರಮಾಣುವಿನ ಎಲೆಕ್ಟ್ರಾನನ್ನು ಕಸಿದುಕೊಂಡು ತಾನೇ ಪರಮಾಣುವಾಗಿ ಬೆಳಗಿದಾಗ ಅಗಲವಾದ ರೇಖೆ ಹುಟ್ಟುತ್ತದೆ. ಏಕೆಂದರೆ ಅಂತಹ ಕಣಗಳಲ್ಲಿ ಕೆಲವು ನಮ್ಮತ್ತ, ಕೆಲವು ಆಚೆಗೆ ಧಾವಿಸುವುದರಿಂದ ಬಣ್ಣವು ಇಕ್ಕೆಲಕ್ಕೂ ಸರಿಯುತ್ತದೆ. ಹೀಗೆ ಅಗಲವು ಕಾವನ್ನೂ, ಕಾವು ವೇಗವನ್ನೂ ಸೂಚಿಸುತ್ತವೆ. ೨೦೦೨ರಲ್ಲಿ ಪ್ರಕಟವಾದ ಗಣನೆಯಂತೆ ಆ ವೇಗ ಸೆಕೆಂಡಿಗೆ ಸುಮಾರು ೨೯೦೦ ಕಿಲೋಮೀಟರು.

ಅದೇ ಎಳೆಗಳು ಆಕಾಶದಲ್ಲಿ ವರ್ಷಕ್ಕೆ ಸುಮಾರು ೦.೨೮ ವಿಕಲೆಯಷ್ಟು ಸರಿಯುತ್ತಿವೆಯೆಂದು ೨೦೦೩ರಲ್ಲಿ ಪ್ರಕಟವಾಯಿತು. ವಿಕಲೆಯೆಂದರೆ ಅಂಶದ ೩೬೦೦ನೆಯ ಒಂದು ಪಾಲು. ವೇಗವೂ ಸರಿತವೂ ತಿಳಿದರೆ ದೂರವು ತಾನೇ ದೊರೆಯುತ್ತದೆ: ಸುಮಾರು ೭೦೦೦ ಜ್ಯೋತಿರ್ವರ್ಷ.

ಆದರೆ ಒಂದು ಎಚ್ಚರಿಕೆ ಅವಶ್ಯಕ. ಆಘಾತವು ತನ್ನ ಶಕ್ತಿಯ ಒಂದು ಪಾಲನ್ನು ವಿಶ್ವಕಿರಣಗಳನ್ನು ಓಡಿಸಲು ವ್ಯಯಿಸಿದರೆ ಕಾವು ತಗ್ಗಿ, ರೇಖೆ ಕಿರಿದಾಗಿ, ನಾವು ಓದುವ ವೇಗವೂ ದೂರವೂ ನಿಜಕ್ಕಿಂತ ಕಡಿಮೆಯಾಗುವುವು. ಇದೇ ಅವಶೇಷದ ಈಶಾನ್ಯ ನೈರುತ್ಯಗಳ ಅಂಚುಗಳಲ್ಲಿ ಎಲೆಕ್ಟ್ರಾನುಗಳು ಅತ್ಯಧಿಕ ಶಕ್ತಿಯನ್ನು ಪಡೆಯುತ್ತಿವೆಯೆಂದು ೧೯೯೫ರಲ್ಲಿ ಪ್ರಕಟವಾದ ಕ್ಷ-ಕಿರಣ ವೀಕ್ಷಣೆ ತೋರಿಸಿತು. ವಾಯವ್ಯದಲ್ಲಿ ಆ ಗುರುತು ಕ್ಷೀಣವಾದುದರಿಂದ ಅಲ್ಲಿಯ ಸಾಕ್ಷ್ಯವೇ ಹೆಚ್ಚು ವಿಶ್ವಾಸಾರ್ಹ. ಮದ್ದೂರು ತಾಲ್ಲೂಕಿನ ಆತಕೂರ ಶಾಸನದ ಶಕವರ್ಷ ೮೭೨ನ್ನು ಸೌಮ್ಯ ಸಂವತ್ಸರದೊಡನೆ ತಾಳೆನೋಡುವ ಪಂಡಿತರಿಗೆ ಈ ಮಾರ್ಗ ಹೊಸದಲ್ಲ. ಒಂದು ಸಾಕ್ಷಿಯನ್ನು ಮತ್ತೊಂದರಿಂದ ಪರೀಕ್ಷಿಸದೆ ನಿರ್ಣಯ ಸಲ್ಲದೆಂಬುದು ಕಲ್ಲಿಗೆಂತೋ ಬೆಳಕಿಗೂ ಅಂತೆಯೇ.