ಕೋಳಿ ನೋಡಲು ಎರಡೂವರೆ ಗಂಟೆ

ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಎಂದರೆ ಏನೆಂದು ಮುಂಬೈ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಡೊಂಬಿವಲಿಯಿಂದ ದಾದರ್, ಅಲ್ಲಿ ಸೇತುವೆ ಹತ್ತಿಳಿದು ವೆಸ್ಟರ್ನ್ ಲೋಕಲ್ ಹಿಡಿದು ಗೋರೆಗಾಂವ್ ಮುಟ್ಟುವಾಗ ಎರಡೂವರೆ ಗಂಟೆಯಾಗಿತ್ತು. ‘ಕೋಳಿ ನೋಡೋಕೆ ಇಷ್ಟು ದೂರ ಯಾರ‍್ರೀ ಬರ್ತಾರೆ?’ ದಾರಿಯುದ್ದಕ್ಕೂ ನನ್ನವಳದು ಅದೇ ಮಾತು.

ನಾನು ಬರುತ್ತೇನೆ. ಕಾರ್ಕಳದ ಹತ್ತಿರದ ಹಳ್ಳಿಯವನು, ಅಮ್ಮ ಕೋಳಿಗೂಡಿನ ಬಾಗಿಲು ತೆಗೆಯುವ ಸದ್ದಿಗೆ ಎದ್ದು ಬೆಳೆದವನು. ತುಳುವಿನಲ್ಲಿ ಹುಂಜಕ್ಕೆ ಬಣ್ಣ ನೋಡಿ ಹೆಸರು: ಬೊಲ್ಲೆ, ಕೆಮ್ಮೈರೆ, ಮೈಪೆ. ಅಆಇಈಗಿಂತ ಮೊದಲು ಕಲಿತದ್ದು ಅದನ್ನು. ಈಗ ಬ್ಯಾಂಕ್ ಕೆಲಸ, ಏಳನೇ ಮಹಡಿಯ ಫ್ಲ್ಯಾಟ್. ಅಲ್ಲಿ ತುಳಸಿ ಕುಂಡ ಇಡುವುದೇ ಕಷ್ಟ, ಕೋಳಿ ಎಲ್ಲಿಂದ ಬಂತು? ಹಾಗಾಗಿ ಪ್ರದರ್ಶನಗಳಿಗೆ ಅಲೆಯುತ್ತೇನೆ. ಶಿವಮೊಗ್ಗದವಳಾದ ಹೆಂಡತಿಗೆ ಕೋಳಿಯ ವಾಸನೆಯೇ ಆಗದು. ಆದರೂ ಎಳೆದುಕೊಂಡು ಹೋಗುತ್ತೇನೆ.

ಒಮ್ಮೆ ಹೈದರಾಬಾದಿನ ಹೈಟೆಕ್ಸ್‌ನಲ್ಲಿ ಪ್ರತಿವರ್ಷ ನಡೆಯುವ ‘ಪೌಲ್ಟ್ರಿ ಇಂಡಿಯಾ’ಕ್ಕೂ ಕರೆದೊಯ್ದಿದ್ದೆ. ಅದು ಉದ್ಯಮದವರ ಮೇಳ. ಕಾವು ಕೊಡುವ ಯಂತ್ರ, ಮೇವು, ಲಸಿಕೆ, ಪಂಜರ. ‘ಕೋಳಿ ಎಲ್ಲಿ?’ ಎಂದು ಕೇಳಿ ಅವಳು ನಕ್ಕ ನಗು ಇನ್ನೂ ಮುಗಿದಿಲ್ಲ.

ಗೋರೆಗಾಂವ್‌ನಲ್ಲಿ ಕೋಳಿಗಳಿದ್ದವು. ಬೆಕ್ಕಿನ ಮರಿಯಂಥ ನವಿರು ಮೈಯ ಸಿಲ್ಕಿ. ಮಾಮೂಲಿ ಕೋಳಿಯ ಕಾಲಿಗೆ ನಾಲ್ಕು ಬೆರಳಾದರೆ ಇದಕ್ಕೆ ಐದು, ಗರಿ ಒಂದಕ್ಕೊಂದು ಹೆಣೆದುಕೊಳ್ಳದ ಕಾರಣ ಹಾರಲಾರದು. ಪಕ್ಕದಲ್ಲಿ ಕಾಲಿಗೂ ಗರಿ ತೊಟ್ಟ ದೈತ್ಯ ಬ್ರಹ್ಮ. ಹೆಸರು ನಮ್ಮ ಬ್ರಹ್ಮಪುತ್ರದ್ದು, ತಳಿ ಬೆಳೆದದ್ದು ಅಮೆರಿಕದಲ್ಲಿ. 1852ರಲ್ಲಿ ಇಂಥ ಒಂಬತ್ತು ಕೋಳಿ ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಹೋಗಿದ್ದವು. ಮಾಂಸವೂ ಕಪ್ಪಗಿರುವ ಝಾಬುವಾದ ಕಡಕ್‌ನಾಥ್ ಇತ್ತು, 2018ರಲ್ಲಿ ಜಿಐ ಮಾನ್ಯತೆ ಪಡೆದದ್ದು. ನಾನು ವಿವರಿಸುತ್ತಲೇ ಇದ್ದೆ. ತಿರುಗಿ ನೋಡಿದರೆ ಅವಳಿಲ್ಲ.

ಮೂಲೆಯ ಪಂಜರದ ಮುಂದೆ ನಿಂತಿದ್ದಳು. ಒಳಗೆ ಮರಿಗಳ ಜೊತೆ ಸಾದಾ ನಾಟಿಕೋಳಿ.

‘ಅತ್ತೆ ಹತ್ರ ಇರೋದು ಇಂಥದ್ದೇ ಅಲ್ವಾ?’

‘ಹೂಂ.’

‘ಕಳೆದ ವಾರ ಐದನ್ನ ಪಕ್ಕದ ಮನೆಗೆ ಕೊಟ್ಟುಬಿಟ್ರಂತೆ. ಮಂಡಿ ನೋವು, ಬಗ್ಗಿ ಗೂಡು ಗುಡಿಸೋಕಾಗಲ್ವಂತೆ.’

ನನಗೆ ಗೊತ್ತಿರಲಿಲ್ಲ. ದಿನಾ ಸಂಜೆ ಅಮ್ಮನಿಗೆ ಫೋನ್ ಮಾಡುವವಳು ಅವಳು. ನಾನು ವಾರಕ್ಕೊಮ್ಮೆ, ‘ಊಟ ಆಯ್ತಾ’ ಎಂದು ಕೇಳಿ ಇಡುವವನು. ಊರಿಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ರಜೆ ಇಲ್ಲ ಎನ್ನುತ್ತಿದ್ದೆ. ಹೈದರಾಬಾದಿಗೆ ಮೂರು ದಿನ ಎಲ್ಲಿಂದ ಸಿಕ್ಕಿತ್ತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ವಾಪಸು ಲೋಕಲ್‌ನಲ್ಲಿ ಫೋನ್ ತೆಗೆದು ಮತ್ಸ್ಯಗಂಧ ನೋಡಿದೆ. ಶುಕ್ರವಾರದ್ದು ವೇಟಿಂಗ್ ಲಿಸ್ಟ್.

‘ತತ್ಕಾಲ್‌ನಲ್ಲಿ ನೋಡಿ. ಉಡುಪಿಗೆ, ಎರಡು.’

‘ನೀನೂ ಬರ್ತೀಯಾ?’

‘ಮತ್ತೆ ಗೂಡು ಗುಡಿಸೋರು ಯಾರು?’