ಕಿರುಗಾತ್ರದ ಗಣಕಯಂತ್ರ: ಅನುಕೂಲವೆಷ್ಟು, ಅನಾನುಕೂಲವೆಷ್ಟು?

2005ರಲ್ಲಿ ಆಪಲ್ ಸಂಸ್ಥೆಯು ಮ್ಯಾಕ್ ಮಿನಿಯನ್ನು ಹೊರತಂದ ಬಳಿಕ ಕಿರುಗಾತ್ರದ ಗಣಕಯಂತ್ರಗಳು ಕ್ರಮೇಣ ಕಚೇರಿ, ಅಂಗಡಿಗಳನ್ನು ಪ್ರವೇಶಿಸಿವೆ. ವರ್ತಕ ಬಾಂಧವರು ಖರೀದಿಗೆ ಮುನ್ನ ಇವುಗಳ ಗುಣದೋಷಗಳನ್ನು ಅರಿಯುವುದು ಒಳಿತು.

ಸುಮಾರು 18 ಸೆಂ.ಮೀ. ಚದರದ ಯಂತ್ರವನ್ನು ಮಾನಿಟರಿನ ಹಿಂಬದಿಗೇ ಅಳವಡಿಸಬಹುದು. ಹಲವು ಮಾದರಿಗಳಿಗೆ 65 ಅಥವಾ 90 ವ್ಯಾಟ್‌ನ ಅಡಾಪ್ಟರ್ ಸಾಕಾಗುವುದರಿಂದ ವಿದ್ಯುತ್ ಕಡಿತವಾದಾಗ ಯುಪಿಎಸ್ ಹೆಚ್ಚು ಹೊತ್ತು ಬಾಳುತ್ತದೆ. ಬಿಲ್ಲಿಂಗ್, ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್‌ಗಳಿಗೆ ಇವುಗಳ ಸಾಮರ್ಥ್ಯ ಧಾರಾಳ.

ಆದರೆ ಕೆಲವು ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲಾಗದು. ಗಾಳಿಕಿಂಡಿಗಳಲ್ಲಿ ಧೂಳು ಕಟ್ಟಿದರೆ ಯಂತ್ರ ಕಾದು ವೇಗ ಕುಗ್ಗುತ್ತದೆ. ಕೈಚೀಲದಲ್ಲಿ ಹಿಡಿಸುವ ವಸ್ತುವಾದ್ದರಿಂದ ಕಳವೂ ಸುಲಭ. ಅದರೊಡನೆ ಲೆಕ್ಕಪುಸ್ತಕಗಳೂ ಹೋಗುತ್ತವೆ. 2013ರ ಕಂಪನಿ ಕಾಯ್ದೆಯನ್ವಯ ಕಂಪನಿಗಳು 8 ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕಾಗಿರುವುದನ್ನು ಮರೆಯಲಾಗದು.

ಆದುದರಿಂದ ಮೆಮೊರಿ ಹೆಚ್ಚಿಸಬಹುದೇ, ಬೀಗ ಹಾಕುವ ವ್ಯವಸ್ಥೆಯಿದೆಯೇ, ಬದಲಿ ಅಡಾಪ್ಟರ್ ತಮ್ಮ ಊರಿನಲ್ಲಿ ದೊರೆಯುವುದೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಪ್ರತಿದಿನದ ಬ್ಯಾಕಪ್ ಬೇರೆ ಸ್ಥಳದಲ್ಲಿರಲಿ.

ಕೊನೆಯದಾಗಿ, ಖರೀದಿಯ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವವರು ಅದೇ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಪಡೆಯುವಂತಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬೇಕು.